ಎರಡೂ ಎಡತೋಳು

"ಕೋಟು ಆಯ್ತೇನಯ್ಯಾ?"

ಅಂಗಡಿಯ ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗದ ಆಚೆ ನಿಂತು ಮುದುಕ ಕೇಳಿದ. ದರ್ಜಿ ತಲೆ ಎತ್ತಲಿಲ್ಲ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಆಸ್ಪತ್ರೆಯ ನೀಲಿ ಗೌನು ಸರಿಯುತ್ತಿತ್ತು. ಬೆಳಗ್ಗಿನಿಂದ ಅದು ಹನ್ನೊಂದನೆಯದು.

"ಇಲ್ಲ."

"ನಿನ್ನೆಯೂ ಇಲ್ಲ ಅಂದೆ."

"ನಾಳೆಯೂ ಅಂತೀನಿ. ಬಂದು ಕೇಳಿಸ್ಕೊಂಡು ಹೋಗಿ."

ಮುದುಕ ಬೇಸರ ಮಾಡಿಕೊಳ್ಳಲಿಲ್ಲ. ಮೂವತ್ತಾರು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ಮನೆಮನೆಯ ನಾಯಿಗಳ ಬೊಗಳಾಟಕ್ಕೆ ಹೆದರದವನು ಒಬ್ಬ ದರ್ಜಿಯ ಗೊಣಗಾಟಕ್ಕೆ ಹೆದರಿಯಾನೆ? ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಮೆಟ್ಟಿಲ ಅಂಚಿನಲ್ಲಿ ಐದು ನಿಮಿಷ ಕೂತು, ಎದ್ದು ಹೋದ. ರೋಗ ಊರಿಗೆ ಕಾಲಿಟ್ಟ ಮೇಲೆ ಬೀದಿಯ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಆದರೆ ಹತ್ತು ಗಂಟೆಗೆ ಮುದುಕ ಬರುವುದು, ಅವನ ಹಿಂದೆಯೇ ಧ್ವನಿವರ್ಧಕದ ವ್ಯಾನು ಬರುವುದು ಮಾತ್ರ ತಪ್ಪುತ್ತಿರಲಿಲ್ಲ.

"ನಾಗರಿಕರು ಆತಂಕ ಪಡಬಾರದು," ಎಂದು ವ್ಯಾನು ಕೂಗಿತು. "ಭರವಸೆ ಕಳೆದುಕೊಳ್ಳಬೇಡಿ. ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ನಿಮ್ಮೊಳಗಿನ ಶಾಂತಿಯನ್ನು ಕಂಡುಕೊಳ್ಳಿ."

"ಕಣ್ಣು ಮುಚ್ಚಿದವರಿಗೇನು ಬರವಾ ಈ ಊರಲ್ಲಿ," ಎಂದು ದರ್ಜಿ ಗೋಡೆಗೆ ಹೇಳಿದ.

ಈ ಮಾತಿಗೆ ನಗುತ್ತಿದ್ದವಳು ಈಗಿರಲಿಲ್ಲ. ಹೆಂಡತಿ ಕತ್ತರಿಸುವುದು, ಗಂಡ ಹೊಲಿಯುವುದು; ಮೂವತ್ತೊಂದು ವರ್ಷ ಆ ಅಂಗಡಿ ನಡೆದದ್ದು ಹೀಗೆ. ಬಂದವರು, "ಸಂಸಾರದಲ್ಲಿ ಕತ್ತರಿ ಹೆಂಡತಿ ಕೈಯಲ್ಲಿರಬಾರದು ಮಾರಾಯ" ಎಂದು ಗೇಲಿ ಮಾಡಿದರೆ, "ನಾನು ನೆಟ್ಟಗೆ ಕತ್ತರಿಸಿದ್ರೆ ತಾನೆ ಅವರು ನೆಟ್ಟಗೆ ಸೇರಿಸೋದು" ಎಂದು ಅವಳೇ ಬಾಯಿ ಮುಚ್ಚಿಸುತ್ತಿದ್ದಳು. ಕತ್ತರಿಸಿದ ತುಂಡುಗಳನ್ನು ಅದೇ ಬಟ್ಟೆಯ ಪಟ್ಟಿಯಿಂದ ಗಂಟು ಕಟ್ಟಿ, ಒಳಗೊಂದು ಚೀಟಿ ಸಿಕ್ಕಿಸಿ, ಹಲಗೆಯ ಮೇಲೆ ಇಡುತ್ತಿದ್ದಳು. ಚೀಟಿಯಲ್ಲಿ ಅಳತೆ ಮತ್ತು ಕತ್ತರಿಸಿದ ದಿನ ಇರುತ್ತಿತ್ತು.

ಅವಳು ಹೋಗಿ ನಲವತ್ತು ದಿನಗಳ ಮೇಲಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಅವಳ ಮೈ ಕೆಂಡದ ಹಾಗೆ ಸುಡುತ್ತಿರುವುದನ್ನು ಕಂಡು ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಯಾವಾಗಿನಿಂದ ಜ್ವರ ಎಂದು ಡಾಕ್ಟರು ಕೇಳಿದಾಗ, "ನಿನ್ನೆಯಿಂದ" ಎಂದಿದ್ದ. ಡಾಕ್ಟರು ಅವಳ ಉಗುರು ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, "ನಿನ್ನೆಯಿಂದಾನಾ?" ಎಂದು ಇನ್ನೊಮ್ಮೆ ಕೇಳಿದ್ದರು. ಮೂರನೆಯ ದಿನ ಫೋನಿನಲ್ಲಿ ಸುದ್ದಿ ಬಂತು. ಮುಖ ನೋಡಲು ಬಿಡಲಿಲ್ಲ. ಗೊತ್ತಾದ ಗಳಿಗೆಗೇ ಕರೆದುಕೊಂಡು ಹೋದೆನಲ್ಲ, ನನ್ನ ಕಡೆಯಿಂದ ತಡವಾಗಲಿಲ್ಲವಲ್ಲ! ಅವನು ಅನ್ನ ನುಂಗುತ್ತಿದ್ದದ್ದು, ಮಲಗುತ್ತಿದ್ದದ್ದು ಈ ಒಂದು ಮಾತಿನ ಮೇಲೆ. ಅದೂ ಇಲ್ಲದಿದ್ದರೆ ಅವನಿಗೆ ನಿಲ್ಲಲು ನೆಲವಿರಲಿಲ್ಲ.

ಅವಳ ಮೇಜಿನ ಮೇಲೆ ಈಗ ಯಾರೂ ಕತ್ತರಿಸುತ್ತಿರಲಿಲ್ಲ. ಗೌನಿನ ತುಂಡುಗಳನ್ನು ಆಸ್ಪತ್ರೆಯೇ ಕತ್ತರಿಸಿ ಕಳಿಸುತ್ತಿತ್ತು. ಅವಳ ಕತ್ತರಿ ಮೊಳೆಯಲ್ಲಿ ನೇತಾಡುತ್ತಿತ್ತು. ಹಲಗೆಯ ಮೇಲೆ ಅವಳು ಕಟ್ಟಿಟ್ಟ ಒಂದೇ ಒಂದು ಗಂಟು ಉಳಿದಿತ್ತು, ಬೂದು ಉಣ್ಣೆಯದು. ಅದೇ ಮುದುಕನ ಕೋಟು. ಅದನ್ನು ಬಿಚ್ಚಿ ಹೊಲಿದರೆ ಅವಳ ಕೈಕೆಲಸ ಲೋಕದಲ್ಲಿ ಮುಗಿದ ಹಾಗೆ. ಇದನ್ನು ದರ್ಜಿ ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕಿಂತ ಸಿಡುಕುವುದು ಅವನಿಗೆ ಸುಲಭವಾಗಿತ್ತು.

ಮರುದಿನ ಆಸ್ಪತ್ರೆಯ ಗಾಡಿ ಬರಲಿಲ್ಲ. ಬಟ್ಟೆ ಮುಗಿದಿದೆ, ಎರಡು ದಿನ ಕಾಯಬೇಕು ಎಂದು ಹೇಳಿಕಳಿಸಿದರು. ಕೈಗೆ ಕೆಲಸವಿಲ್ಲದೆ ದರ್ಜಿ ಯಂತ್ರಕ್ಕೆ ಎಣ್ಣೆ ಬಿಟ್ಟ, ಒರೆಸಿದ, ಮತ್ತೆ ಎಣ್ಣೆ ಬಿಟ್ಟ. ಹತ್ತು ಗಂಟೆಗೆ ಮುದುಕ ಬಂದ. ಬಂದವನು ಕೋಟಿನ ಸುದ್ದಿ ಎತ್ತದೆ ಮೆಟ್ಟಿಲ ಮೇಲೆ ಕೂತ.

"ಏನು ಯಜಮಾನ್ರೇ, ಇವತ್ತು ಕೇಳಲ್ವಾ?"

"ಕೇಳಿ ಏನು ಮಾಡ್ಲಿ? ಇವತ್ತು ನಾಲ್ಕನೆಯವನೂ ಹೋದ."

"ಯಾರು?"

"ನಮ್ಮವನು. ನಾವು ಐದು ಜನ ಒಂದೇ ಆಫೀಸಲ್ಲಿ ಕಾಗದ ಹಂಚಿದವರು. ರಿಟೈರಾದ ಮೇಲೂ ವರ್ಷಕ್ಕೊಂದ್ಸಲ ಸೇರಿ ಊಟ ಮಾಡ್ತಿದ್ವಿ. ಆ ಕೋಟಿನ ಬಟ್ಟೆ ನನಗೆ ಬೀಳ್ಕೊಡೋವಾಗ ಕೊಟ್ಟಿದ್ದು. ಹದಿನಾಲ್ಕು ವರ್ಷ ಪೆಟ್ಟಿಗೇಲಿಟ್ಟಿದ್ದೆ. ಅದನ್ನ ನೀನು ಹೊಲಿಸಲ್ಲ, ಹುಳಕ್ಕೆ ಹಾಕ್ತೀಯ ಅಂತ ಅವರೆಲ್ಲ ನಗ್ತಿದ್ರು. ಈ ಸಲ ಹಾಕ್ಕೊಂಡೇ ಬರ್ತೀನಿ ನೋಡಿ ಅಂದಿದ್ದೆ." ಮುದುಕ ಮೊಣಕಾಲು ನೀವಿಕೊಂಡ. "ನೋಡೋರೇ ಇಲ್ಲ ಈಗ."

ಏನಾದರೂ ಸಮಾಧಾನ ಹೇಳಬೇಕಿತ್ತು. ದರ್ಜಿಗೆ ಬಾಯಿಗೆ ಬಂದದ್ದು, "ಮತ್ತೆ ಕೋಟು ಯಾಕೆ?" ಎನ್ನುವುದೊಂದೇ.

"ಆಯ್ತಾ ಅಂತ ಕೇಳೋಕೆ," ಎಂದ ಮುದುಕ. "ಬೆಳಿಗ್ಗೆ ಎದ್ದು ಹೋಗಿ ಕೇಳಬೇಕು ಅಂತ ಒಂದಿರುತ್ತಲ್ಲ."

ಅವನು ಹೋದ ಮೇಲೆ ದರ್ಜಿ ಗಂಟನ್ನು ಹಲಗೆಯಿಂದ ಎಳೆದು ಹಾಕಿದ. ಕರುಣೆಯಿಂದೇನೂ ಅಲ್ಲ. ಒಮ್ಮೆ ಹೊಲಿದು ಬಿಸಾಕಿದರೆ ಈ ದಿನದಿನದ ಪೀಡೆ ತೊಲಗುತ್ತದೆ, ಅಷ್ಟೆ. ಪಟ್ಟಿಯ ಗಂಟನ್ನು ಮಾತ್ರ ಕತ್ತರಿಸದೆ ಉಗುರಿನಿಂದ ಬಿಚ್ಚಿದ. ಬೆನ್ನಿನ ತುಂಡು, ಎದೆಯ ಎರಡು ತುಂಡು, ಕಾಲರು, ಜೇಬು. ಒಂದೊಂದರ ಮೇಲೂ ಅವಳ ಸೀಮೆಸುಣ್ಣದ ಗೆರೆ ನಿನ್ನೆ ಎಳೆದ ಹಾಗಿತ್ತು. ಕೊನೆಗೆ ತೋಳುಗಳನ್ನು ಎತ್ತಿಕೊಂಡು ಎದೆಯ ತುಂಡಿಗೆ ಹಿಡಿದು ನೋಡಿದ. ಎಡದ್ದು ಕೂತಿತು. ಬಲದ್ದು ಕೂರಲಿಲ್ಲ. ತಿರುಗಿಸಿ ಹಿಡಿದ, ಮತ್ತೆ ಹಿಡಿದ. ಆಮೇಲೆ ಎರಡನ್ನೂ ಹೊರಮೈ ಮೇಲಾಗಿ ಒಂದರ ಮೇಲೊಂದು ಇಟ್ಟ. ಅಂಚಿಗೆ ಅಂಚು ಸೇರಿ ಎರಡೂ ಒಂದೇ ಆದವು.

ಎರಡೂ ಎಡತೋಳು.

ಬಟ್ಟೆ ಧಾರಾಳವಾಗಿದ್ದರೆ ಎರಡು ಪದರ ಮಡಚಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದು ಎಡಕ್ಕೆ, ಒಂದು ಬಲಕ್ಕೆ ತಾನೇ ಆಗುತ್ತದೆ. ಮುದುಕನ ಬಟ್ಟೆ ಗೇಣು ಕಡಿಮೆಯಿತ್ತು. ಅಂಥ ಬಟ್ಟೆಯನ್ನು ಒಂದೇ ಪದರದಲ್ಲಿ ಹಾಸಿ, ಕಾಗದದ ಅಚ್ಚಿಟ್ಟು ಒಂದು ತೋಳು ಬರೆದು, ಅಚ್ಚನ್ನು ಮಗುಚಿ ಇನ್ನೊಂದು ತೋಳು ಬರೆಯಬೇಕು. ಅವಳು ಮಗುಚಿರಲಿಲ್ಲ. ಕೆಲಸ ಕಲಿಯಲು ಬಂದವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು ಅದು. ಮೂವತ್ತೊಂದು ವರ್ಷದಲ್ಲಿ ಅವಳು ಒಮ್ಮೆಯೂ ಮಾಡಿದವಳಲ್ಲ.

ದರ್ಜಿ ಚೀಟಿ ತೆಗೆದು ನೋಡಿದ. ಅಂಕಿಗಳು ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು. ಹದಿನಾಲ್ಕನೇ ತಾರೀಕು, ಮಂಗಳವಾರ.

ಅವನು ಚೀಟಿಯನ್ನು ಇನ್ನೊಮ್ಮೆ ಓದಿದ. ಮಂಗಳವಾರ. ಅವನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಶನಿವಾರ. ಆ ಮಂಗಳವಾರ ಆಸ್ಪತ್ರೆಯವರು ಗೌನಿಗಾಗಿ ಬಾಗಿಲಲ್ಲಿ ನಿಂತಿದ್ದರು. ಅವಳು ಮೇಜಿಗೆ ಎರಡೂ ಕೈ ಊರಿಕೊಂಡು ತಲೆ ತಗ್ಗಿಸಿ ನಿಂತದ್ದು ಈಗ ಕಣ್ಣಿಗೆ ಕಟ್ಟಿದ ಹಾಗೆ ಬಂತು. "ಏನೇ, ನಿಂತಲ್ಲೇ ನಿದ್ದೆ ಹೊಡೀತಿದೀಯಾ? ಕೈ ಆಡ್ಲಿ," ಎಂದು ಅವನೇ ಅರಚಿದ್ದ. "ಏನಿಲ್ಲ ರೀ, ಕಣ್ಣು ಸ್ವಲ್ಪ ಮಂಜು ಮಂಜು," ಎಂದು ಅವಳು ಮತ್ತೆ ಕತ್ತರಿ ಎತ್ತಿಕೊಂಡಿದ್ದಳು. ಅವನು ಯಂತ್ರದಿಂದ ತಲೆ ಎತ್ತಿರಲಿಲ್ಲ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ಎರಡು ಮಾರು ದೂರದಲ್ಲಿ ನಾಲ್ಕು ದಿನ ಅವಳು ಬೇಯುತ್ತಿದ್ದಳು, ಅವನು ಹೊಲಿಯುತ್ತಿದ್ದ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?" ಎಂದು ಖಾಲಿ ಮೇಜಿನ ಕಡೆ ತಿರುಗಿ ಕೂಗಿದ. ಕೂಗಿದ ಮೇಲೆ, ಈಗಲೂ ಬೈಯುತ್ತಿದ್ದೇನೆ ಎಂದು ಹೊಳೆಯಿತು. ಅಲ್ಲೇ ನೆಲದ ಮೇಲೆ, ಚಿಂದಿ ತುಂಡುಗಳ ನಡುವೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಎದ್ದು ಮುಖ ತೊಳೆದ. ಬೇರೆ ಬಟ್ಟೆ ಎಲ್ಲೂ ಸಿಗುವಂತಿರಲಿಲ್ಲ, ಮಿಲ್ಲುಗಳಿಗೆ ಬೀಗ ಬಿದ್ದಿತ್ತು. ಉಳಿದದ್ದು ಒಂದೇ ದಾರಿ. ಎಡತೋಳನ್ನು ಒಳಮೈ ಹೊರಗೆ ಮಾಡಿ ಹಿಡಿದರೆ ಅದು ಬಲತೋಳಾಗುತ್ತದೆ. ಆದರೆ ಉಣ್ಣೆಯ ಒಳಮೈ ಮಂಕು, ಎದ್ದು ಕಾಣುತ್ತದೆ. ಕಾಣಲಿ ಎಂದುಕೊಂಡ. ಅವಳ ಗೆರೆಯ ಮೇಲೆ ಸೂಜಿ ಇಳಿಸಿದ. ಆ ಗೆರೆ ಎಲ್ಲಿ ತಿರುಗುತ್ತದೆ, ಎಲ್ಲಿ ಒಂದು ನೂಲು ಸಡಿಲ ಬಿಡುತ್ತದೆ ಎನ್ನುವುದು ಅವನ ಕೈಗೆ ಗೊತ್ತಿತ್ತು. ಆಸ್ಪತ್ರೆಯ ಅಚ್ಚಿನ ತುಂಡುಗಳನ್ನು ಹೊಲಿದು ಹೊಲಿದು ಅದನ್ನು ಮರೆತೇಬಿಟ್ಟಿದ್ದ. ಎರಡು ದಿನ ಬೇರೇನನ್ನೂ ಯೋಚಿಸದೆ ಹೊಲಿದ. ಎರಡನೆಯ ದಿನ ಸಂಜೆ ಅವನಿಗೆ ಜೋರಾಗಿ ಹಸಿವಾಯಿತು. ನಾಚಿಕೆಯೂ ಆಯಿತು. ಆದರೂ ಉಂಡ.

ಮಾರನೆಯ ಬೆಳಿಗ್ಗೆ ಮುದುಕ ಕೇಳುವ ಮೊದಲೇ ಕೋಟನ್ನು ಹಗ್ಗದ ಆಚೆಗೆ ಚಾಚಿದ. ಮುದುಕ ತೊಟ್ಟುಕೊಂಡು ಬಲಗೈಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಈ ಕೈ ಬೇರೆ ಬಣ್ಣ ಇದೆಯಲ್ಲೋ."

"ಒಳಮೈ ಅದು. ಎರಡೂ ಎಡದ್ದೇ ಕತ್ತರಿಸಿಬಿಟ್ಟಿದ್ಲು."

"ನಿನ್ನ ಹೆಂಡ್ತಿನಾ? ಆ ತಂಗಿ ತಪ್ಪು ಮಾಡೋದುಂಟಾ?"

ಸುಳ್ಳು ಹೇಳಬಹುದಿತ್ತು. ಬಟ್ಟೆ ಕಡಿಮೆ ಬಿತ್ತು ಎಂದರೆ ಮುಗಿಯುತ್ತಿತ್ತು. "ಅವಳಿಗೆ ಅವತ್ತೇ ಜ್ವರ ಇತ್ತು ಯಜಮಾನ್ರೇ," ಎಂದ ದರ್ಜಿ. "ಮಂಗಳವಾರನೇ. ನಾನು ನೋಡ್ಲಿಲ್ಲ. ನೋಡ್ಲಿಲ್ಲ ಅಷ್ಟೇ ಅಲ್ಲ, ಬೈದೆ. ಡಾಕ್ಟ್ರಿಗೆ ನಿನ್ನೆಯಿಂದ ಅಂದೆ."

ನೀನೇನು ಮಾಡೋಕಾಗ್ತಿತ್ತು ಬಿಡು, ಎಲ್ಲ ಹಣೆಬರಹ ಎಂದು ಮುದುಕ ಹೇಳುತ್ತಾನೆಂದು ದರ್ಜಿ ಕಾದ. ಹಾಗೆ ಹೇಳಿದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಬೈದಿರ್ತೀಯ," ಎಂದ ಮುದುಕ. "ನಿನ್ನ ಬಾಯಿ ಈ ಬೀದಿಗೆಲ್ಲ ಗೊತ್ತು." ತೋಳಿನ ಅಂಚನ್ನು ಸವರಿ ನೋಡಿದ. "ಮಂಗಳವಾರ ಬೆಳಿಗ್ಗೆ ನಾನೂ ಬಂದಿದ್ದೆ. ಏನಮ್ಮಾ, ಇನ್ನೂ ಕತ್ತರಿನೇ ಹಾಕಿಲ್ವಾ, ನಾನು ಸತ್ತ ಮೇಲೆ ಹೊಲೀತೀರಾ ಅಂದೆ. ಇವತ್ತೇ ಹಾಕ್ತೀನಿ ಅಣ್ಣಾ ಅಂದ್ಲು. ಮುಖ ಕೆಂಪಗಿತ್ತು. ಬಿಸಿಲಿಗೆ ಇರಬೇಕು ಅಂದ್ಕೊಂಡೆ."

ವ್ಯಾನು ಬಂದು ಶಾಂತಿ ಕಂಡುಕೊಳ್ಳಿ ಎಂದು ಕೂಗಿ ಹೋಯಿತು. ಈ ಸಲ ದರ್ಜಿ ಅದಕ್ಕೆ ಉತ್ತರ ಕೊಡಲಿಲ್ಲ. ಮುದುಕ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಸುಡುವ ಬಿಸಿಲಲ್ಲಿ ಉಣ್ಣೆಯ ಕೋಟಿನಲ್ಲೇ ನಡೆದುಹೋದ.

ಮರುದಿನ ಹತ್ತು ಗಂಟೆಗೆ ವ್ಯಾನು ಬಂತು, ಮುದುಕ ಬರಲಿಲ್ಲ. ಇನ್ನೇಕೆ ಬರುತ್ತಾನೆ, ಕೋಟು ಆಯಿತಲ್ಲ. ಪೀಡೆ ತೊಲಗಿತು ಎಂದುಕೊಂಡ ದರ್ಜಿ ಗೌನುಗಳಿಗೆ ಕೈ ಹಾಕಿದ. ಅದರ ಮರುದಿನವೂ ಇಲ್ಲ. ಹೊಲಿಗೆಯ ನಡುವೆ ಅವನು ನಾಲ್ಕು ಸಲ ತಲೆ ಎತ್ತಿ ಬೀದಿ ನೋಡಿದ. ತಾನು ನೋಡುತ್ತಿರುವುದು ಗೊತ್ತಾಗಿ ಸಿಟ್ಟು ಬಂತು. ಮುದುಕ ಯಾವ ಸಂದಿನಲ್ಲಿರುತ್ತಾನೆ, ಮನೆಯ ನಂಬರು ಏನು, ಒಂದೂ ಅವನು ಕೇಳಿರಲಿಲ್ಲ. ಆ ದಿನ ಸೂಜಿ ಎರಡು ಸಲ ಮುರಿಯಿತು.

ಮೂರನೆಯ ದಿನ ಹತ್ತಕ್ಕೆ ಐದು ನಿಮಿಷವಿರುವಾಗ ಹಗ್ಗದ ಆಚೆ ಬೂದು ಬಣ್ಣ ಕಂಡಿತು. ಮುದುಕ ಕೋಟನ್ನು ತೋಳ ಮೇಲೆ ಹಾಕಿಕೊಂಡು, ಅಂಗೈಯಲ್ಲಿ ಒಂದು ಗುಂಡಿ ಹಿಡಿದು ನಿಂತಿದ್ದ.

"ಏನಯ್ಯಾ ನಿನ್ನ ಹೊಲಿಗೆ? ಎರಡು ದಿನಕ್ಕೇ ಗುಂಡಿ ಉದುರಿಹೋಯ್ತು."

ದರ್ಜಿ ಕೋಟು ತೆಗೆದುಕೊಂಡು ಬೆಳಕಿಗೆ ಹಿಡಿದ. ಅವನು ಗುಂಡಿ ಹಚ್ಚುವುದು ಮೇಣ ಸವರಿದ ದಾರದಲ್ಲಿ, ಆರು ಸುತ್ತು ಹಾಕಿ, ಗಂಟು ಬಿಗಿದು. ಬಟ್ಟೆ ಹರಿದರೂ ಅವನ ಗುಂಡಿ ಬೀಳುವುದಿಲ್ಲ. ಸವೆದು ಹರಿದ ದಾರದ ತುದಿ ನೂಲು ನೂಲಾಗಿ ಬಿಚ್ಚಿಕೊಂಡಿರುತ್ತದೆ. ಇಲ್ಲಿ ಆರೂ ಎಳೆಗಳ ತುದಿ ಬ್ಲೇಡು ಹಾಕಿದ ಹಾಗೆ ಸಮವಾಗಿತ್ತು. ದರ್ಜಿ ಅದನ್ನು ಹತ್ತಿರದಿಂದ ನೋಡಿದ, ಚೆನ್ನಾಗಿ ನೋಡಿದ. ಆಮೇಲೆ ಮುದುಕನ ಮುಖ ನೋಡಿದ. ಅದು ಮೊನ್ನೆಗಿಂತ ಇಳಿದಿತ್ತು, ಗಡ್ಡ ಬೆಳೆದಿತ್ತು. ಮುದುಕ ಎದುರು ಗೋಡೆಯಲ್ಲಿ ಏನೋ ಬಹಳ ಮುಖ್ಯವಾದದ್ದು ಬರೆದಿದೆ ಎನ್ನುವಂತೆ ಅತ್ತ ತಿರುಗಿ ನಿಂತಿದ್ದ.

"ಈಗ ಬರೋ ದಾರಗಳೇ ಹಾಗೆ," ಎಂದ ದರ್ಜಿ. "ಜ್ವರಗಿರ ಏನಿಲ್ಲ ತಾನೆ?"

"ಇಲ್ಲಪ್ಪ."

"ಊಟ?"

"ಆಗುತ್ತೆ."

"ಒಳಗೆ ಬನ್ನಿ. ಅಲ್ಲಿ ಬಿಸಿಲು."

ದರ್ಜಿ ಹಗ್ಗ ಎತ್ತಿ ಹಿಡಿದ. ಮುದುಕ ಬಗ್ಗಿ ಒಳಗೆ ಬಂದು, ಕತ್ತರಿಸುವ ಮೇಜಿನ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತ. ದರ್ಜಿ ಸೂಜಿಗೆ ದಾರ ಪೋಣಿಸಿದ, ಮೇಣ ಸವರಲಿಲ್ಲ. ಗುಂಡಿಯನ್ನು ಅದರ ಜಾಗದಲ್ಲಿಟ್ಟು ಒಂದು ಸುತ್ತು ಹಾಕಿದ, ಇನ್ನೊಂದು ಹಾಕಿದ. ಅಲ್ಲಿಗೆ ನಿಲ್ಲಿಸಿ, ಮೊಳೆಯಿಂದ ಅವಳ ಕತ್ತರಿ ತೆಗೆದು, ಗಂಟು ಹಾಕದೆ ದಾರ ಕತ್ತರಿಸಿದ.