ಊರೆಲ್ಲ ನಿಂತಾಗ ನಡೆದವರು

ಆಗಸ್ಟ್ ಒಂದನೆಯ ತಾರೀಕಿನ ಸಂಜೆ ಐದಕ್ಕೆ ಸೈರನ್ ಕೂಗಿತೆಂದರೆ ವಾರ್ಸಾ ನಗರಕ್ಕೆ ನಗರವೇ ನಿಂತುಬಿಡುತ್ತದೆ. ಟ್ರಾಮು ಹಳಿಯ ಮೇಲೆ ನಿಲ್ಲುತ್ತದೆ, ಬಸ್ಸಿನ ಚಾಲಕ ಬಾಗಿಲು ತೆರೆದು ಕೆಳಗಿಳಿದು ನಿಲ್ಲುತ್ತಾನೆ, ಐಸ್‌ಕ್ರೀಮ್ ತಿನ್ನುತ್ತಿದ್ದವನ ಕೈ ಬಾಯಿಯ ಹತ್ತಿರವೇ ನಿಂತು ಅದು ಕರಗಿ ಮೊಣಕೈವರೆಗೆ ಇಳಿಯುತ್ತದೆ. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಅದೇ ದಿನ, ಅದೇ ಹೊತ್ತಿಗೆ ಜರ್ಮನರ ಮೇಲೆ ತಿರುಗಿಬಿದ್ದು, ಎರಡು ತಿಂಗಳು ಕಾದಾಡಿ, ಸೋತು, ಕಡೆಗೆ ಊರನ್ನೇ ಕಳೆದುಕೊಂಡವರಿಗೆ ನಾವು ಸಲ್ಲಿಸುವ ಗೌರವ ಅದು. ಆ ಒಂದು ನಿಮಿಷದಲ್ಲಿ ನಮ್ಮ ಬೀದಿಯಲ್ಲಿ ಚಲಿಸುತ್ತಿದ್ದ ಜೀವಗಳು ಎರಡೇ ಬಗೆಯವು: ಒಂದು ಪಾರಿವಾಳಗಳು, ಇನ್ನೊಂದು ತೆಯೊಫಿಲಾ ಗ್ರೊಮಾದ್ಸ್ಕಾ.

ನಾನು ಅವರನ್ನು ಮೊದಲು ಕಂಡದ್ದು ಹಾಗೆಯೇ. ನದಿಯ ಮಗ್ಗುಲಿನ ಈ ಬಡಾವಣೆಯ ಮೂರನೆಯ ಮಹಡಿಗೆ ಆಗಷ್ಟೇ ಬಂದಿದ್ದೆ. ಸೈರನ್ ಕೂಗಿತು, ನಾನೂ ಕಾಲುದಾರಿಯಲ್ಲಿ ಕಂಬದ ಹಾಗೆ ನಿಂತೆ. ಎದುರು ಬದಿಯಿಂದ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟ ಕುಳ್ಳಗಿನ ಮುದುಕಿಯೊಬ್ಬರು ಕೆಳಗಿಳಿದು, ನಿಂತ ವಾಹನಗಳ ನಡುವೆ ತಲೆ ತಗ್ಗಿಸಿಕೊಂಡು, ಅಗಲವಾದ ರಸ್ತೆಯನ್ನು ಸರಸರನೆ ದಾಟತೊಡಗಿದರು. ತೋಳಿಗೆ ಬಿಳಿ-ಕೆಂಪು ಪಟ್ಟಿ ಕಟ್ಟಿಕೊಂಡಿದ್ದ ಯುವಕನೊಬ್ಬನಿಗೆ ಅದನ್ನು ಸಹಿಸಲಾಗಲಿಲ್ಲ.

"ಏ ಅಜ್ಜಿ! ನಿಂತ್ಕೊಳ್ರೀ! ಸತ್ತವರ ಮೇಲೆ ಒಂಚೂರಾದ್ರೂ ಮರ್ಯಾದೆ ಬೇಡ್ವಾ?"

ಅವರು ತಿರುಗಿ ಸಹ ನೋಡಲಿಲ್ಲ. "ನನ್ನ ಪಾಲಿಂದೂ ಸೇರಿಸಿ ನೀನೇ ನಿಂತ್ಕೊ ಮಗಾ. ನಂಗೆ ಕೆಲಸ ಇದೆ" ಎಂದು, ನಮ್ಮ ಕಟ್ಟಡದ ಬಾಗಿಲೊಳಗೆ ಮಾಯವಾದರು.

ನಾನು ಪ್ರಕಾಶನ ಸಂಸ್ಥೆಯೊಂದರಲ್ಲಿ ಜೀವಮಾನವಿಡೀ ಕರಡು ತಿದ್ದಿದವನು. ವೀರಗಾಥೆಗಳನ್ನು ತಿದ್ದಿ ತಿದ್ದಿ ನನಗೆ ವೀರರೆಂದರೆ ಅಜೀರ್ಣವಾಗಿತ್ತು, ಸ್ಮಾರಕಗಳ ಮುಂದಿನ ಭಾಷಣ ಕೇಳಿದರೆ ಈಗಲೂ ತಲೆ ಸಿಡಿಯುತ್ತದೆ. ಅಂಥ ನಾನೂ ಆ ಮುದುಕಿಯನ್ನು ನೋಡಿ ಬೆರಗಾದೆನೆಂದರೆ, ಅದು ಸುಲಭವಾಗಿ ಬಂದ ಬೆರಗಲ್ಲವೆಂದು ಓದುಗರು ನಂಬಬೇಕು.

ಅವರ ನಡಿಗೆಯೇ ಒಂದು ವಿಶೇಷ. ಕಾಲುದಾರಿಯ ನಡುವೆ ನಡೆದದ್ದನ್ನು ಯಾರೂ ಕಂಡಿಲ್ಲ. ಗೋಡೆಗೆ ಎಡ ಭುಜ ತಾಗುವಷ್ಟು ಒತ್ತಿಕೊಂಡು, ಮೈಯನ್ನು ತುಸು ಓರೆ ಮಾಡಿ, ಮೂಲೆ ಬಂದಲ್ಲಿ ಅರೆಕ್ಷಣ ತಡೆದು, ಆಮೇಲೆ ಒಂದೇ ಉಸಿರಿಗೆ ಮುಂದಿನ ಗೋಡೆ ಹಿಡಿಯುತ್ತಿದ್ದರು. ಹೀಗಾಗಿ ಅವರ ಕೋಟುಗಳೆಲ್ಲದರ ಎಡ ಭುಜ ಸವೆದು ಬಿಳಿಚಿಕೊಂಡು, ಬಲ ಭುಜ ಮಾತ್ರ ಅಂಗಡಿಯಿಂದ ತಂದ ದಿನದ ಹೊಳಪಿನಲ್ಲೇ ಉಳಿಯುತ್ತಿತ್ತು. ಚಳಿಗಾಲದಲ್ಲೂ ಕ್ಯಾನ್ವಾಸ್ ಬೂಟೇ. ಚರ್ಮದ ಬೂಟು ಸದ್ದು ಮಾಡುತ್ತದೆಂದು ಕಾರಣ ಕೊಡುತ್ತಿದ್ದರು, ಆ ಸದ್ದಿಗೆ ಕಿವಿಗೊಡುತ್ತಿದ್ದ ಜರ್ಮನರು ಎಂದೋ ಊರು ಬಿಟ್ಟು ಹೋಗಿದ್ದರೂ.

ಇನ್ನೊಂದು ವಿಶೇಷ ಅವರ ಮಾತಿನದು. ಹೇಳಿದ್ದನ್ನು ಎದುರಿನವರು ತಿರುಗಿ ಹೇಳುವವರೆಗೆ ಅವರಿಗೆ ಸಮಾಧಾನವಿರಲಿಲ್ಲ. ನಮ್ಮ ಕಟ್ಟಡದ ಮಗ್ಗುಲ ಬೇಕರಿಯಲ್ಲಿ ಇದು ದಿನನಿತ್ಯದ ನಾಟಕ.

"ರೈ ಬ್ರೆಡ್ಡು ಒಂದು, ಹೋಳು ಮಾಡ್ಬೇಡ. ಗಸಗಸೆ ಸುರುಳಿ ಎರಡು, ನಿನ್ನೇದು ಬೇಡ, ಇವತ್ತಿಂದು. ಏನಂದೆ? ಹೇಳು ನೋಡೋಣ."

ಬೇಕರಿಯ ಲುದ್ವಿಕಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೆಂಗಸರನ್ನು ಗೌರವದಿಂದ ಕರೆಯುವ ‘ಪಾನಿ’ಯನ್ನೂ ಬಿಡದೆ ಒಪ್ಪಿಸುತ್ತಿದ್ದಳು: "ರೈ ಬ್ರೆಡ್ಡು ಇಡೀದು, ಗಸಗಸೆ ಸುರುಳಿ ಎರಡು, ಇವತ್ತಿಂದು. ಪಾನಿ ತೆಯೊಫಿಲಾ, ನೀವು ಕೇಳ್ತಿರೋದು ಬ್ರೆಡ್ಡು, ಫಿರಂಗಿ ಅಲ್ಲ!"

"ಫಿರಂಗಿ ಆಗಿದ್ರೆ ಎರಡು ಸಲ ಹೇಳಿಸ್ತಿದ್ದೆ ಕಣೇ."

ದಂಗೆಯ ದಿನಗಳಲ್ಲಿ ಅವರು ಸುದ್ದಿ ಒಯ್ಯುವ ಹುಡುಗಿ. ಆಗ ಯಾರೂ ಯಾರಿಗೂ ನಿಜವಾದ ಹೆಸರು ಹೇಳುತ್ತಿರಲಿಲ್ಲ. ಪುಟ್ಟ ಗಾತ್ರದ, ಕುಪ್ಪಳಿಸಿ ನಡೆಯುವ ಈ ಹುಡುಗಿಗೆ ‘ಚಿಗಟ’ ಎಂದು ಹೆಸರಿಟ್ಟಿದ್ದರು. ಕಾಗದ ಸಿಕ್ಕಿಬಿದ್ದರೆ ಹಲವರ ಪ್ರಾಣಕ್ಕೆ ಸಂಚಕಾರ, ಆದ್ದರಿಂದ ಆಜ್ಞೆಗಳೆಲ್ಲ ಬಾಯಿಪಾಠ. ತಲುಪಿದ ಮೇಲೆ ಹೇಳಬೇಕು, ಕೇಳಿಸಿಕೊಂಡವನು ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು, ಆಗಲೇ ಹುಡುಗಿಯ ಕೆಲಸ ಮುಗಿದಂತೆ. ಆ ಶಿಸ್ತು ಅವರನ್ನು ಬ್ರೆಡ್ಡಿನ ಅಂಗಡಿಯವರೆಗೂ ಹಿಂಬಾಲಿಸಿ ಬಂದಿತ್ತು.

ನಮ್ಮೂರಿನಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ಸಾರು ಆರುವಷ್ಟರಲ್ಲಿ ಆ ಜಗಳ ಶುರುವಾಗುತ್ತದೆ: ದಂಗೆ ಬೇಕಿತ್ತೋ ಬೇಡವಾಗಿತ್ತೋ, ಅದು ಹುಚ್ಚೋ ಮಹಿಮೆಯೋ ಎಂದು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಈ ವಿಷಯಕ್ಕೆ. ಬೇಕರಿಯ ಸರದಿಯಲ್ಲಿ ಒಮ್ಮೆ ಯಾರೋ ತೆಯೊಫಿಲಾರನ್ನೇ ಕೇಳಿದರು. "ಅದನ್ನೆಲ್ಲ ಯೋಚನೆ ಮಾಡೋಕೆ ದೊಡ್ಡವರಿದ್ರಪ್ಪ. ನಾನು ಓಡಾಡೋ ಹುಡುಗಿ" ಎಂದರು. ತೊಂಬತ್ತರ ಹೊಸ್ತಿಲಲ್ಲಿದ್ದ ಹೆಂಗಸು ತಮ್ಮ ವಿಷಯದಲ್ಲಿ ಭೂತಕಾಲ ಬಳಸದೆ ಹಾಗೆಂದದ್ದು ನನಗೆ ಮಾತ್ರ ಕೇಳಿಸಿತೋ ಏನೋ.

ಅವರ ಆಗಸ್ಟಿನ ನಡಿಗೆಯ ಕಥೆಯನ್ನು ನನಗೆ ಮೊದಲು ಹೇಳಿದವನು ನೆಲಮಹಡಿಯ ವಾಲೆರಿ. ನಲ್ಲಿ ರಿಪೇರಿಯವನು, ಮುಂಗೋಪಿ, ಬೆಕ್ಕುಗಳನ್ನು ಬಿಟ್ಟು ಯಾರನ್ನೂ ಪ್ರೀತಿಯಿಂದ ಮಾತಾಡಿಸಿದವನಲ್ಲ. ಯುದ್ಧಕ್ಕೆ ಮುಂಚೆ ನಮ್ಮ ಕಟ್ಟಡವಿರುವ ಜಾಗದಲ್ಲಿ ಹಗ್ಗ ಹೊಸೆಯುವವರ ಓಣಿಯೊಂದು ಇತ್ತಂತೆ. ಊರು ಇಟ್ಟಿಗೆ ರಾಶಿಯಾಯಿತು, ರಾಶಿಯ ಮೇಲೆ ಹೊಸ ಮನೆಗಳೆದ್ದವು, ಓಣಿ ಅಳಿಸಿಹೋಯಿತು. ತೆಯೊಫಿಲಾರ ಮಟ್ಟಿಗೆ ಮಾತ್ರ ಅದು ಇದ್ದಲ್ಲೇ ಇತ್ತು, ಮತ್ತು ಅದು ಹಾದುಹೋಗುತ್ತಿದ್ದುದು ಸರಿಯಾಗಿ ವಾಲೆರಿಯ ಅಡುಗೆಮನೆಯ ಮಧ್ಯದಿಂದ. ಆದ್ದರಿಂದ ಪ್ರತಿವರ್ಷ ಅವರು ರಸ್ತೆ ದಾಟಿ, ವಾಲೆರಿಯ ಮುಂಬಾಗಿಲಿನಿಂದ ನುಗ್ಗಿ, ಒಲೆಗೂ ಮೇಜಿಗೂ ನಡುವೆ ಹಾದು, ಹಿಂಬಾಗಿಲಿನಿಂದ ಅಂಗಳಕ್ಕಿಳಿಯುತ್ತಿದ್ದರು. ಅಂಗಳದಲ್ಲಿ ಜಮಖಾನೆ ನೇತುಹಾಕಿ ಧೂಳು ಬಡಿಯುವ ಕಬ್ಬಿಣದ ಚೌಕಟ್ಟಿನ ಪಕ್ಕ ನಿಂತು, ನೆಲ ನೋಡಿಕೊಂಡು ಎರಡು ಮಾತು ಹೇಳಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದು, ಹಿಂದಿರುಗುತ್ತಿದ್ದರು. ಸೈರನ್ ಕೂಗುವ ಪದ್ಧತಿ ಬರುವುದಕ್ಕೆ ಮೊದಲು, ದಂಗೆಯ ಹೆಸರೆತ್ತಲೂ ಜನ ಹೆದರುತ್ತಿದ್ದ ವರ್ಷಗಳಲ್ಲೂ, ಇದು ತಪ್ಪಿರಲಿಲ್ಲವಂತೆ.

"ವರ್ಷಾ ವರ್ಷಾ ಬೀಟ್‌ರೂಟಿನ ತಣ್ಣನೆ ಸಾರು ಮಾಡಿ ಮೇಜಿನ ಮೇಲಿಡ್ತೀನಿ" ಎಂದು ವಾಲೆರಿ ಗೊಣಗಿದ್ದ. "ಕೂತ್ಕೊಂಡು ಒಂದು ಬಟ್ಟಲು ಕುಡೀರಿ ಅಂದ್ರೆ, ‘ಕೆಲಸದ ಮೇಲಿದೀನಿ ಪಾನ್ ವಾಲೆರಿ’ ಅಂತಾರೆ. ನನ್ನ ಅಡುಗೆಮನೇಲಿ ಅದೇನು ಕೆಲಸಾನೋ, ಆ ದೇವರಿಗೇ ಗೊತ್ತು!" ಹೇಳುತ್ತ ಆತ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂಬಂತೆ ಬೆಕ್ಕಿನ ತಲೆ ಸವರಿದೆ.

ಆ ಕೆಲಸ ಏನೆಂದು ತೆಯೊಫಿಲಾ ನನಗೆ ಹೇಳಿದ್ದು ಟ್ರಾಮಿಗೆ ಕಾಯುವ ಬೆಂಚಿನ ಮೇಲೆ, ಹವಾಮಾನದ ಬಗ್ಗೆ ಮಾತಾಡುವಷ್ಟೇ ನಿರುದ್ವಿಗ್ನವಾಗಿ. ನದಿಯ ಬದಿಯ ಬೀದಿಗಳು ಒಂದೊಂದಾಗಿ ಬೀಳುತ್ತಿದ್ದ ದಿನ ಅದು. ಓಣಿಯ ನೆಲಮಾಳಿಗೆಯಲ್ಲಿ ‘ಪಾದ್ರಿ’ ಎಂಬ ಅಡ್ಡಹೆಸರಿನ ತರುಣನ ತಂಡವಿತ್ತು, ಗಾಯಾಳುಗಳಿದ್ದರು. ನಾವು ಹೇಳಿಕಳಿಸುವವರೆಗೆ ಕದಲಬೇಡಿ ಎಂದು ಅವರಿಗೆ ಅಪ್ಪಣೆಯಾಗಿತ್ತು. ಹೊರಡಿ ಎಂಬ ಎರಡನೆಯ ಅಪ್ಪಣೆಯನ್ನು ಒಯ್ಯುತ್ತಿದ್ದವಳು ಚಿಗಟ. ಅಗಲವಾದ ರಸ್ತೆಯ ನಟ್ಟನಡುವೆ ಗುಂಡಿನ ಚೂರು ಸೊಂಟಕ್ಕೆ ಹೊಕ್ಕಿತು. ಕಣ್ಣು ಬಿಟ್ಟಾಗ ಆಸ್ಪತ್ರೆ. ನೆಲಮಾಳಿಗೆಯವರು ಅಪ್ಪಣೆ ಮೀರದೆ ಕಾದರು. ಕಾಯುತ್ತಿದ್ದಂತೆಯೇ ಮನೆ ಅವರ ಮೇಲೆ ಕುಸಿಯಿತು.

"ಆದರೆ ಸೈರನ್ ಕೂಗುವಾಗಲೇ ಯಾಕೆ?" ಎಂದು ಕೇಳಿದೆ, ದೊಡ್ಡ ಉತ್ತರವೊಂದನ್ನು ನಿರೀಕ್ಷಿಸುತ್ತ.

"ಆಗ ಗಾಡಿ ಎಲ್ಲಾ ನಿಂತಿರ್ತಾವೆ. ರಸ್ತೆ ದಾಟೋಕೆ ಸಲೀಸು" ಎಂದರು. ನಕ್ಕೆ. ಅವರು ನಗಲಿಲ್ಲ. "ಸೈರನ್ ನಿಲ್ಲೋದರೊಳಗೆ ಮುಟ್ಟಬೇಕು. ಇಲ್ದಿದ್ರೆ ಅವರು ಇನ್ನೊಂದು ವರ್ಷ ಕಾಯ್ಬೇಕಲ್ಲ. ಮುಟ್ಟಿ ಹೇಳ್ತೀನಿ. ತಿರುಗಿ ಹೇಳೋವ್ರೇ ಇಲ್ಲ." ಅಷ್ಟರಲ್ಲಿ ಟ್ರಾಮು ಬಂತು.

ಒಂದು ಚಳಿಗಾಲದಲ್ಲಿ ವಾಲೆರಿ ತೀರಿಕೊಂಡ. ಆ ಮನೆಗೆ ಸೆವೆರಿನ್ ಎಂಬ ಸೈಕಲ್ ರಿಪೇರಿಯ ಯುವಕ ಬಂದ. ಒಳ್ಳೆಯವನು, ದಂಗೆಯೆಂದರೆ ಪ್ರಾಣ ಬಿಡುವವನು. ದಂಗೆಯ ಗುರುತಾದ ಲಂಗರಿನ ಚಿಹ್ನೆಯನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಜುಲೈನಲ್ಲಿ ತೆಯೊಫಿಲಾ ಒಂದು ಜಾಡಿ ಗೂಸ್‌ಬೆರಿ ಹಣ್ಣಿನ ಮುರಬ್ಬ ಹಿಡಿದು ಅವನಲ್ಲಿಗೆ ಹೋಗಿ ವಿಷಯ ತಿಳಿಸಿ, ಅಭ್ಯಾಸದಂತೆ ತಿರುಗಿ ಹೇಳಿಸಿಯೂ ಬಂದರು: ಒಂದನೇ ತಾರೀಕು, ಐದು ಗಂಟೆ, ಎರಡೂ ಬಾಗಿಲು. ಅವರ ಸೊಂಟ ಆ ಬೇಸಿಗೆಯಲ್ಲಿ ತೀರ ಹದಗೆಟ್ಟಿತ್ತು. ಮುಂದಿನ ವರ್ಷ ನಡೆಯುವಂತಿಲ್ಲ ಎಂದು ವೈದ್ಯರು ಹೇಳಿದ್ದರು, ಅದು ಅವರಿಗೂ ಗೊತ್ತಿತ್ತು.

ಎಲ್ಲಾದರೂ ಎಡವಿದರೆ ಎಂದು ನಾನು ಅಂದು ಮೆಟ್ಟಿಲ ಬುಡದಲ್ಲೇ ಕಾದಿದ್ದೆ. ಸೈರನ್ ಎದ್ದಿತು. ತೆರೆದ ಮುಖ್ಯದ್ವಾರದಿಂದ ನೋಡುತ್ತೇನೆ: ಸ್ತಬ್ಧವಾದ ರಸ್ತೆಯಲ್ಲಿ ಆ ಪುಟ್ಟ ಆಕೃತಿ ಕಾಲೆಳೆಯುತ್ತ, ಓಡಲು ಹವಣಿಸುತ್ತ ಬರುತ್ತಿದೆ. ಒಳಗೆ ಬಂದರು, ಎಡ ಭುಜ ಗೋಡೆಗೆ ಉಜ್ಜುತ್ತ ಸೆವೆರಿನ್ನನ ಬಾಗಿಲಿಗೆ ಬಂದರು. ಬಾಗಿಲು ಹಾಕಿತ್ತು. ಗಂಟೆ ಒತ್ತಿದರು. ಮತ್ತೆ ಒತ್ತಿದರು.

"ಸೆವೆರಿನ್! ಬಾಗಿಲು ತೆಗಿಯೋ! ಕಿವುಡಾಗಿದೀಯಾ?" ಎಂದು ನಾನು ಮೌನ ಗೀನ ಎಲ್ಲ ಮರೆತು ಬಾಗಿಲನ್ನು ಗುದ್ದಿದೆ. ಬಾಗಿಲು ತೆರೆಯಲಿಲ್ಲ. ಹೊರಗೆ ಸೈರನ್ನಿನ ದನಿ ಇಳಿಯುತ್ತ ಇಳಿಯುತ್ತ ಆರಿಹೋಯಿತು. ತೆಯೊಫಿಲಾ ಅಂಗೈಯನ್ನು ಬಾಗಿಲ ಮೇಲಿಟ್ಟು ಸುಮ್ಮನೆ ನಿಂತರು. ಅವರು ನಿಂತದ್ದನ್ನು ನೋಡುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ.

ಚಿಲಕ ಸರಿಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೋಳುಗಳನ್ನು ಮೈಗಂಟಿಸಿಕೊಂಡು ಸೆವೆರಿನ್ ನಿಂತಿದ್ದ, ಮುಖವೆಲ್ಲ ಕಣ್ಣೀರು.

"ಪಾನಿ ತೆಯೊಫಿಲಾ, ಗಂಟೆ ಕೇಳಿಸ್ತು. ಆದ್ರೆ ಬಾಗಿಲು ತೆಗೆದಿಡೋಣ ಅಂತ ಏಳೋಷ್ಟರಲ್ಲೇ ಸೈರನ್ ಶುರುವಾಗಿತ್ತು. ಶಾಲೆಯಿಂದ ಇಲ್ಲೀವರೆಗೆ ಆ ನಿಮಿಷದಲ್ಲಿ ಒಂದು ಬೆರಳೂ ಅಲ್ಲಾಡಿಸಿಲ್ಲ ನಾನು. ಹೇಗೆ ಕದಲಲಿ? ನಿಮಗೋಸ್ಕರಾನೇ ನಿಂತಿದ್ದೆ!"

ಅವನಿಗೆ ಎರಡು ಬಾರಿಸಬೇಕೆಂದು ನನ್ನ ಕೈ ತುರಿಸಿತು, ಸುಳ್ಳು ಹೇಳಲಾರೆ. ತೆಯೊಫಿಲಾ ಮಾತ್ರ ಅವನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದರು. ಅವರ ಮುಖ ಬದಲಾಯಿತು.

"ಅವರೂ ಹೀಗೇ" ಎಂದರು ಮೆಲ್ಲಗೆ. "ಕದಲಬೇಡಿ ಅಂದಿದ್ವಿ. ಕದಲಲಿಲ್ಲ."

ಆಮೇಲೆ ಅಂಗಳದ ಕಡೆ ಹೋಗಲೇ ಇಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಬೆನ್ನು ನೆಟ್ಟಗೆ ಮಾಡಿ, ಹದಿನಾರರ ಹುಡುಗಿಯ ಸ್ಪಷ್ಟ ಗಡಸು ದನಿಯಲ್ಲಿ ಅವನಿಗೇ ಹೇಳಿದರು: "ಇನ್ನು ಕಾಯಬೇಡಿ. ನಮ್ಮ ಕಡೆಯಿಂದ ಯಾರೂ ಬರೋದಿಲ್ಲ. ಗಾಯ ಆದವರನ್ನ ಕರ್ಕೊಂಡು ಮೇಲಿನ ಬೀದಿಗೆ ಹೊರಡಿ." ತುಸು ತಡೆದು, "ಏನಂದೆ? ಹೇಳು ನೋಡೋಣ."

ಸೆವೆರಿನ್ ಮೂಗು ಒರೆಸಿಕೊಂಡು, ಒಂದು ಮಾತೂ ಬಿಡದೆ ಒಪ್ಪಿಸಿದ: "ಇನ್ನು ಕಾಯಬಾರದು. ನಿಮ್ಮ ಕಡೆಯಿಂದ ಯಾರೂ ಬರೋದಿಲ್ಲ. ಗಾಯ ಆದವರನ್ನ ಕರ್ಕೊಂಡು ಮೇಲಿನ ಬೀದಿಗೆ ಹೊರಡಬೇಕು."

"ಸರಿ" ಎಂದರು.

ಮೇಜಿನ ಮುಂದಿನ ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತು, ಬೂಟಿನ ದಾರ ಸಡಿಲಿಸಿ, "ತಿನ್ನೋಕೆ ಏನಾದ್ರೂ ಇದ್ಯೇನಪ್ಪ ನಿನ್ನ ಹತ್ರ?" ಎಂದು ಕೇಳಿದರು. ಇದ್ದದ್ದು ಬ್ರೆಡ್ಡು, ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ. ಕಟುಂಕಟುಂ ಎಂದು ಕಡಿಯುತ್ತ ಎಲ್ಲವನ್ನೂ ತಿಂದರು. ವಾಲೆರಿ ಇದನ್ನು ನೋಡಬೇಕಿತ್ತು ಎಂದು ನನಗೆ ಸಂಕಟವಾಯಿತು.

ಮರುವರ್ಷ ಆಗಸ್ಟ್ ಒಂದಕ್ಕೆ ಊರುಗೋಲು ಹಿಡಿದು ಅವರು ರಸ್ತೆಯ ಆಚೆ ಬದಿಗೆ ಬಂದಾಗ ನಾನು, ಲುದ್ವಿಕಾ, ಎರಡೂ ಬಾಗಿಲು ತೆರೆದಿಟ್ಟು ಬಂದ ಸೆವೆರಿನ್, ಮೂವರೂ ಈಚೆ ಬದಿಯಲ್ಲಿ ಉಸಿರು ಹಿಡಿದು ನೋಡುತ್ತಿದ್ದೆವು. ಸೈರನ್ ಕೂಗಿತು. ವಾಹನಗಳು ನಿಂತವು, ರಸ್ತೆ ಬಿಡುವಾಯಿತು. ತೆಯೊಫಿಲಾ ಗೋಡೆಯಿಂದ ಭುಜ ಬಿಡಿಸಿಕೊಂಡು ಕಾಲುದಾರಿಯ ನಟ್ಟನಡುವೆ ಬಂದು, ನಮ್ಮೆಲ್ಲರ ಹಾಗೆ ನಿಂತರು.

ಸೋತ ಊರುಗಳಲ್ಲೆಲ್ಲ ಇಂಥವರು ಇರುತ್ತಾರೆಂದು ಈಗ ನನಗೆ ತೋರುತ್ತದೆ. ಗೆದ್ದವರಿಗೆ ಕೆಲಸ ಮುಗಿಯಿತೆಂದು ಯಾರಾದರೂ ಹೇಳಿ ಮನೆಗೆ ಕಳಿಸುತ್ತಾರೆ. ಸೋತವರಲ್ಲಿ ಕೆಲವರಿಗೆ ಹಾಗೆ ಹೇಳುವವರೇ ಉಳಿದಿರುವುದಿಲ್ಲ, ಅವರು ತಮ್ಮ ಪಾಲಿಗೆ ಬಂದ ಚಿಕ್ಕ ಕೆಲಸವನ್ನು ಹೊತ್ತುಕೊಂಡು, ಅಳಿಸಿಹೋದ ಓಣಿಗಳಲ್ಲಿ ಗೋಡೆ ಸವರುತ್ತ, ನಮ್ಮ ಅಡುಗೆಮನೆಗಳ ಮೂಲಕ ಹಾದುಹೋಗುತ್ತಿರುತ್ತಾರೆ. ನಾವು ಅವರನ್ನು ವೀರರೆನ್ನುತ್ತೇವೆ, ಕಲ್ಲಿನಲ್ಲಿ ಕೊರೆಯುತ್ತೇವೆ, ಅವರಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ, ಕೆಲವೊಮ್ಮೆ ಅವರ ದಾರಿಗೆ ಅಡ್ಡವಾಗಿಯೇ ನಿಂತಿರುತ್ತೇವೆ. ಅವರು ನಮ್ಮಿಂದ ಕೇಳುವುದು ಅಷ್ಟೊಂದಲ್ಲ. ಬಾಗಿಲು ತೆರೆದು, ತಾವು ತಂದ ಮಾತನ್ನು ಕೇಳಿಸಿಕೊಂಡು, ಒಬ್ಬರಾದರೂ ತಿರುಗಿ ಹೇಳಲಿ ಎಂದು ಕಾಯುತ್ತಾರೆ.