ಕೆನ್ನೆಯಷ್ಟು ಉಸಿರು

ಕೆಂಪು ದೀಪ ಮತ್ತೆ ಹೊತ್ತಿತು. ಹುಮನಾಬಾದಿನ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಬಂದಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮೇಜಿನ ಮೇಲೆ, ಧೂಳಮ್ಮನ ಎದುರು, ಹೊಸದಾಗಿ ಬಂದ ರಬ್ಬರ್ ಕೂಸು ಮಲಗಿತ್ತು. ಅದರ ಬಾಯಿಮೂಗಿಗೆ ಹದವಾಗಿ ಉಸಿರು ಕೊಟ್ಟರೆ ಎದೆಯ ಮೇಲೆ ಹಸಿರು ದೀಪ, ಹೆಚ್ಚಾದರೆ ಕೆಂಪು. ಹಸಿರು ಹೊತ್ತಿಸದವರಿಗೆ ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ್ದೇ. ಇನ್ನೂ ಹೊತ್ತಿಸದೆ ಉಳಿದವಳು ಧೂಳಮ್ಮ ಒಬ್ಬಳೇ.

"ಖರೇ ಕೂಸಿಗಿ ಹಿಂಗ ಊದಿದ್ರ ಎದಿ ಒಡದ್ ಹೋಗ್ತದವ್ವಾ!" ಎಂದರು ಕಲಿಸುವ ಪಾರ್ವತಿಬಾಯಿ ಸಿಸ್ಟರ್.

"ನಮ್ಮ ಮನ್ಯಾಗ ಕುರಿಮರಿ ಉಸರಾಡಲಿಲ್ಲಂದ್ರ ಹಿಂಗ ಊದ್ತೀವ್ರಿ. ಹಿಂಗಾಲ ಹಿಡದು ಬೀಸೂದೂ ಮಾಡ್ತೀವಿ" ಎಂದಳು ಧೂಳಮ್ಮ.

"ಬೀಸಾಕಂತೂ ಹೋಗಬ್ಯಾಡ! ಸರ್ಕಾರದ ಕೂಸದು."

ತನ್ನೂರು ದುಬಲಗುಂಡಿಯಲ್ಲಿ ಹೊಲದ ಆ ತುದಿಯ ಕುರಿಯನ್ನು ಈ ತುದಿಯಿಂದ ಕೂಗಿ ಕರೆದು ಬೆಳೆದ ಎದೆ ಧೂಳಮ್ಮನದು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಆದರೆ ಹಟದಲ್ಲೂ ಅವಳೇನು ಕಡಿಮೆಯಿರಲಿಲ್ಲ.

"ಎದಿಯಿಂದ ಅಲ್ಲ. ಗಲ್ಲದಾಗ ಎಷ್ಟು ಗಾಳಿ ಹಿಡೀತದ, ಅಷ್ಟೇ ಬಿಡು. ಚಾ ಆರಸ್ತಿಯಲ್ಲ, ಹಂಗ" ಎಂದರು ಸಿಸ್ಟರ್.

ಧೂಳಮ್ಮ ಕೆನ್ನೆ ಉಬ್ಬಿಸಿ, ಬಾಗಿ, ಮೆಲ್ಲಗೆ ಬಿಟ್ಟಳು. ಹಸಿರು!

"ಹತ್ತಿತ್ರಿ! ಸಿಸ್ಟರ್, ಹತ್ತಿತ್ರಿ!" ಕುಣಿದಳು. ಮತ್ತೆ ಊದಿದಳು, ಮತ್ತೆ ಹಸಿರು. ಖುಷಿ ತಡೆಯಲಾರದೆ ಊದುತ್ತಲೇ ಇದ್ದಳು.

"ಸಾಕ್ ಮಾಡವ್ವಾ, ಸೆಲ್ ಮುಗೀತಾವ!"

ಅದೇ ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ, ಧೂಳಮ್ಮನ ಎದುರಲ್ಲೇ, ಹಳ್ಳಿಖೇಡದ ಸೋನುಬಾಯಿಗೆ ಹೆರಿಗೆಯಾಯಿತು, ಚೊಚ್ಚಲು. ಕೂಸು ಅಳಲಿಲ್ಲ. ಬಾಣಂತಿಗೆ ರಕ್ತ ನಿಲ್ಲದೆ ಸಿಸ್ಟರ್ ಅತ್ತ ಕೈ ಬಿಡುವಂತಿರಲಿಲ್ಲ.

"ಧೂಳಮ್ಮಾ, ಕೂಸು ನೀನೇ ನೋಡು!"

ಧೂಳಮ್ಮನ ಕೈ ತಾನಾಗಿ ಕೂಸಿನ ಕಾಲಿಗೆ ಹೋಯಿತು. ಪಾದ ಹಿಡಿದವಳು, ಬೀಸಬಾರದೆಂಬುದು ನೆನಪಾಗಿ, ಬೆಚ್ಚಿ ಕೈ ಹಿಂತೆಗೆದಳು. ಕೂಸನ್ನು ಮಲಗಿಸಿ, ಬಾಯಿ ಒರೆಸಿ, ಕೆನ್ನೆಯಷ್ಟು ಉಸಿರು ಕೊಟ್ಟಳು. ಕಣ್ಣು ಹಸಿರು ದೀಪ ಹುಡುಕಿತು. ಅಲ್ಲೆಲ್ಲಿಯ ದೀಪ? ಅಂಗೈಯಷ್ಟಗಲದ ಎದೆ ಎದ್ದಿತು, ಇಳಿಯಿತು. ಇನ್ನೊಂದು ಉಸಿರು. ಮತ್ತೊಂದು. ಆಮೇಲೆ ಅವಳು ಬಾಗುವುದರೊಳಗೆ ಆ ಎದೆ ತಾನಾಗಿ ಎದ್ದಿತು, ಕೂಸು ಕಿಟಾರನೆ ಕಿರುಚಿತು.

"ರಕ್ತ ನಿಂತದ" ಎಂದರು ಸಿಸ್ಟರ್, ಇತ್ತ ತಿರುಗಿ ನಗುತ್ತ.

ಸೋನುಬಾಯಿ ಕತ್ತೆತ್ತಿ ಧೂಳಮ್ಮನತ್ತ ನೋಡಿದಳು. "ಯಾಕ್ರಿ ಸಿಸ್ಟರ್, ಕೂಸಿನ ಎದಿ ಮ್ಯಾಲ ಏನ್ ನೋಡಾಕತ್ತೀರಿ?"

ತನ್ನನ್ನೇ ಸಿಸ್ಟರ್ ಎಂದದ್ದು ಧೂಳಮ್ಮನಿಗೆ ಹೊಳೆಯಲಿಲ್ಲ. ಕೂಸು ಅಳುತ್ತಲೇ ಇತ್ತು. ಮುಂದಿನ ಉಸಿರಿಗೆಂದು ಉಬ್ಬಿಸಿದ ಧೂಳಮ್ಮನ ಕೆನ್ನೆ ಇನ್ನೂ ಹಾಗೆಯೇ ಇತ್ತು.