ಬಿಸಿಲಿಗಿಟ್ಟ ಹವಳ

ಶೀಟಿನ ಮನೆಯವರಿಗೆ ಏಪ್ರಿಲ್ ತಿಂಗಳ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಕರೆಂಟ್ ಹೋಯಿತೆಂದರೆ ಮನೆಯೇ ಒಲೆ. ಬಿಂದಿಗೆಯ ನೀರು ಕೂಡ ಬೆಚ್ಚಗಾಗುತ್ತೆ. ಮುಳಬಾಗಿಲಿನ ಮುನ್ನೀ ಬೀ ಅಂಥ ಹೊತ್ತಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ಮೂಲೆಯ ಗಾಜಿನ ತೊಟ್ಟಿಯ ಮುಂದೆ ಕೂರುತ್ತಿದ್ದಳು.

ತೊಟ್ಟಿಯಲ್ಲಿ ಒಂದು ಹವಳ ಇತ್ತು. ಉಂಗುರಕ್ಕೆ ಕೂರಿಸೋ ಕೆಂಪು ಹರಳಲ್ಲ, ಸಮುದ್ರದ ತಳದಲ್ಲಿ ಬೆಳೆಯೋ ಜೀವಂತ ಹವಳ. ಅವಳ ಗಂಡ ಮೆಹಬೂಬ್ ಪಾಷಾ ಲಾರಿ ಡ್ರೈವರ್. ಕೋಲಾರದಿಂದ ಕಡಲತೀರದ ತೂತ್ತುಕುಡಿಗೆ ಟೊಮೇಟೊ ಸಾಗಿಸಿದವನು, ಅಲ್ಲಿ ಯಾರದೋ ಬಲೆಗೆ ಸಿಕ್ಕಿದ್ದ ಇದನ್ನು ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ ತಂದಿದ್ದ. ಪ್ರತಿ ಸಲ ಹೋದಾಗಲೂ ಹೊಸ ನೀರು ತರುತ್ತಿದ್ದ.

ಜಿಂಕೆ ಕೊಂಬಿನ ಹಾಗೆ ಕವಲೊಡೆದ, ಜೇನು ಬಣ್ಣದ ಜೀವ ಅದು. ದೀಪ ಆರಿಸಿದರೆ ಮೈತುಂಬಾ ಎಳ್ಳಿನಷ್ಟು ಪುಟ್ಟ ಬಾಯಿಗಳು ತೆರೆದುಕೊಳ್ಳುತ್ತಿದ್ದವು. ಕೊನೇ ಮಗಳೂ ಗಂಡನ ಮನೆಗೆ ಹೋದಮೇಲೆ ಬಿಕೋ ಅನ್ನುತ್ತಿದ್ದ ಮನೆಯಲ್ಲಿ ಮುನ್ನೀ ಬೀ ಅದನ್ನೇ ಮಾತಾಡಿಸುತ್ತಿದ್ದಳು.

ಸೆಕೆ ಏರುತ್ತಾ ಹೋದ ಹಾಗೆ ಹವಳದ ಬಣ್ಣ ಇಳಿಯುತ್ತಾ ಬಂತು. ತುದಿ ಬಿಳಿಚಿತು, ಆಮೇಲೆ ಮೈಯೆಲ್ಲಾ ಬಿಳಿಚಿತು. ಮುನ್ನೀ ಬೀಗೆ ಗಾಬರಿ. ಗಂಡ ಬಾಡಿಗೆ ಮೇಲೆ ಹೋಗಿದ್ದ. ಕೂಸು ಬಿಳಿಚಿಕೊಂಡರೆ ಬಿಸಿಲು ಕಾಯಿಸೋದು ಅವಳಿಗೆ ಗೊತ್ತಿದ್ದ ಮದ್ದು. ತೊಟ್ಟಿಯನ್ನು ಕಷ್ಟಪಟ್ಟು ನೂಕಿ ಕಿಟಕಿ ಹತ್ತಿರ ಇಟ್ಟಳು. ಬಿಸಿಲು ನೇರ ಹವಳದ ಮೇಲೆ ಬಿತ್ತು.

ಪಕ್ಕದ ಮನೆಯ ರಜನಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮೌಲ್ಯಮಾಪನದ ಕೆಲಸ ಮುಗಿಸಿ ಬಂದವಳು, ಒಳಗೆ ಕಾಲಿಟ್ಟ ಕೂಡಲೇ ತೊಟ್ಟಿ ನೋಡಿ ನಿಂತುಬಿಟ್ಟಳು.

"ಆಪಾ, ಇದನ್ನ ಯಾಕೆ ಬಿಸಿಲಿಗಿಟ್ರಿ? ಮೊದಲು ನೆರಳಿಗೆ ಎಳೀರಿ. ನೀರು ತಂಪಾಗ್ಬೇಕು."

"ಬಿಸಿಲಿಂದ ಬೆಳ್ಳಗಾಯ್ತು ಅಂತೀಯಾ ಟೀಚರಮ್ಮ?" ಮುನ್ನೀ ಬೀ ನಕ್ಕಳು. "ಬಿಸಿಲಿಗೆ ನಾವೆಲ್ಲಾ ಕರ್‍ರಗಾಗ್ತೀವಿ. ಇದೊಂದು ಬೆಳ್ಳಗಾಗುತ್ತಾ?"

"ಇದರ ಬಣ್ಣ ಇದರದ್ದಲ್ಲ ಆಪಾ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತೆ. ಆ ಪಾಚಿ ಬೆಳಕಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಹಾಕುತ್ತೆ. ಬಣ್ಣಾನೂ ಅದೇ ಕೊಡೋದು."

"ಆಮೇಲೆ?"

"ನೀರು ಯಾವಾಗ್ಲೂ ಇರೋದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು, ಹಂಗೇ ನಿಂತ್ರೆ ಪಾಚಿಯ ಅಡುಗೆ ಕೆಡುತ್ತೆ. ಅನ್ನದ ಜೊತೆ ವಿಷ ಹುಟ್ಟುತ್ತೆ. ಮೇಲೆ ಸುಡುಬಿಸಿಲು ಬಿದ್ರೆ ಇನ್ನೂ ಜಾಸ್ತಿ. ಆಗ ಹವಳ ಪಾಚೀನ ಹೊರಗೆ ಹಾಕುತ್ತೆ. ಉಳಿಯೋದು ಗಾಜಿನಂಥ ಮೈ. ಒಳಗಿನ ಬಿಳಿ ಮೂಳೆ ಕಾಣ್ತಾ ಇದೆ ನೋಡಿ."

"ಹಂಗಾದ್ರೆ ಸತ್ತೋಯ್ತಾ?"

"ಇಲ್ಲ, ಉಪವಾಸ ಬಿದ್ದಿದೆ. ಬೇಗ ತಂಪಾದ್ರೆ ಪಾಚಿ ವಾಪಸ್ ಬರಬಹುದು. ಆದ್ರೆ ಆಪಾ, ಇದನ್ನ ತರಲೇಬಾರದಿತ್ತು. ಇಂಥ ಹವಳ ಕೀಳೋದು, ಮಾರೋದು, ಇಟ್ಕೊಳ್ಳೋದು ಕಾನೂನಿಗೆ ವಿರುದ್ಧ. ಪಾಷಣ್ಣ ಬಂದ ತಕ್ಷಣ ಅರಣ್ಯ ಇಲಾಖೆಯವರಿಗೆ ತಿಳಿಸಿ."

ಮುನ್ನೀ ಬೀ ತಲೆಯಾಡಿಸಿದಳು. ಆದರೆ ಮನಸ್ಸು ಒಪ್ಪಲಿಲ್ಲ. ನಾಲ್ಕು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಕೈ ತನ್ನದು. ಪುಸ್ತಕ ಓದಿದವರಿಗೆ ಏನು ಗೊತ್ತು? ರಜನಿ ಆಚೆ ಹೋದಮೇಲೆ ತೊಟ್ಟಿ ಕಿಟಕಿಯ ಹತ್ತಿರವೇ ಉಳಿಯಿತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮುನ್ನೀ ಬೀ ಕಾಂಪೌಂಡಿನ ಮೇಲಿಂದಲೇ ಕೂಗಿದಳು.

"ಟೀಚರಮ್ಮ, ಬಾ ಬಾ! ಬಣ್ಣ ಬರ್ತಾ ಇದೆ!"

ರಜನಿ ಬಂದಳು. ಹವಳದ ಕವಲುಗಳ ಮೇಲೆ ತೆಳ್ಳಗೆ ಹಸಿರು ಹತ್ತಿತ್ತು. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು. ಮುನ್ನೀ ಬೀ ಅವಳ ಮುಖವನ್ನೇ ನೋಡುತ್ತಿದ್ದಳು.

"ಆಪಾ... ಇದು ಆ ಪಾಚಿ ಅಲ್ಲ. ಇದು ಬೇರೆ. ಸತ್ತ ಹವಳದ ಮೂಳೆ ಮೇಲೆ ಬೆಳೆಯೋದು."

ಮುನ್ನೀ ಬೀ ತೊಟ್ಟಿಯ ಗಾಜಿನ ಮೇಲೆ ಕೈಯಿಟ್ಟಳು. "ನೀನು ಹೇಳಿದ್ದೆ," ಅಂದಳು. "ಬಾಯಿ ಬಿಟ್ಟು ಹೇಳಿದ್ದೆ. ಚೆನ್ನಾಗಿ ಆಗ್ಲಿ ಅಂತ ನಾನೇ ಸುಟ್ಟೆ."

"ನಾನೂ ನಿಂತು ನೆರಳಿಗೆ ಎಳೆಸಬೇಕಿತ್ತು ಆಪಾ. ಹೇಳಿ ಹೋಗಿಬಿಟ್ಟೆ."

ಅವತ್ತು ಸಂಜೆ ಪಾಷಾ ಬಂದ. ಕೈಯಲ್ಲಿದ್ದ ನೀರಿನ ಕ್ಯಾನನ್ನು ಹಾಗೇ ಕೆಳಗಿಟ್ಟ. ಹೆಂಡತಿಯನ್ನು ಬೈಯಲಿಲ್ಲ.

"ಅಲ್ಲೂ ಹಂಗೇ ಆಗಿದೆ ಮುನ್ನೀ," ಅಂದ. "ದೋಣಿಯವರು ಹೇಳಿದ್ರು. ಸಮುದ್ರ ಕಾದುಬಿಟ್ಟಿದೆಯಂತೆ, ತಳದ ಹವಳ ಬೆಳ್ಳಗಾಗಿದೆಯಂತೆ. ಹವಳ ಹೋದ್ರೆ ಮೀನಿನ ಮರಿಗೆ ಮನೆ ಇಲ್ಲ ಅಂತ ಅಳ್ತಾ ಇದ್ರು."

ಮುನ್ನೀ ಬೀ ತಲೆ ಎತ್ತಿದಳು. "ಇಲ್ಲಿ ನಾನಿಟ್ಟೆ. ಅಲ್ಲಿ ಯಾರು ಬಿಸಿಲಿಗಿಟ್ಟರು?"

ಪಾಷಾ ಬಂದದ್ದು ಕಂಡು ಬಾಗಿಲಿಗೆ ಬಂದಿದ್ದ ರಜನಿ ಮೆಲ್ಲಗೆ ಹೇಳಿದಳು: "ನಾವೇ ಆಪಾ. ನಾವು ಉರಿಸೋ ಡೀಸೆಲ್, ಕಲ್ಲಿದ್ದಲು, ಎಲ್ಲದರ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಂಗೆ. ಆ ಶಾಖ ಬಹುಪಾಲು ಸಮುದ್ರಕ್ಕೇ ಇಳಿಯುತ್ತೆ."

"ನನ್ನೊಂದು ಲಾರಿಗೆ ಸಮುದ್ರ ಕಾಯುತ್ತಾ?" ಅಂದ ಪಾಷಾ.

"ಒಂದಕ್ಕೆ ಕಾಯಲ್ಲ ಪಾಷಣ್ಣ. ಟೊಮೇಟೊ ಮಾರ್ಕೆಟ್ ಗೇಟಲ್ಲಿ ಇಂಜಿನ್ ಆರಿಸದೇ ಸಾಲಾಗಿ ನಿಂತಿರ್ತೀರಲ್ಲ, ಅಷ್ಟೂ ಲಾರಿ ಲೆಕ್ಕ ಹಾಕಿ. ಮಾಲೂರಿನ ಇಟ್ಟಿಗೆ ಗೂಡು ಸೇರಿಸಿ. ಹಿಂಗೇ ಲೋಕದಲ್ಲಿರೋ ಎಲ್ಲಾ ಊರು ಸೇರಿಸಿ."

ಮಾರನೇ ದಿನ ಪಾಷಾ ಹವಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅರಣ್ಯ ಇಲಾಖೆಗೆ ಒಪ್ಪಿಸಿದ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಈಗ ಗೇಟಿನಲ್ಲಿ ಲಾರಿ ನಿಂತರೆ ಇಂಜಿನ್ ಆರಿಸುತ್ತಾನೆ, ಪಕ್ಕದವರಿಗೂ ಹೇಳುತ್ತಾನೆ. ಕೆಲವರು ನಗುತ್ತಾರೆ, ಕೆಲವರು ಆರಿಸುತ್ತಾರೆ. ಮುನ್ನೀ ಬೀ ಸಂಘದ ಹೆಂಗಸರಿಗೆ ಈ ಕಥೆ ಹೇಳುವಾಗ ಹಸಿರು ಹತ್ತಿದ ಬೆಳಗಿನ ಮಾತು ಬಂದರೆ ಇವತ್ತಿಗೂ "ನಾನೇ ಸುಟ್ಟೆ" ಅನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕೋಲಾರಕ್ಕೆ ಸಮುದ್ರ ಇಲ್ಲ, ನಿಜ. ನಮ್ಮ ಹೊಗೆಗೆ ಸಮುದ್ರದ ದಾರಿ ಗೊತ್ತು. ಸುಮ್ಮನೆ ನಿಂತ ಗಾಡಿಯ ಇಂಜಿನ್ ಆರಿಸಿ. ಕಸಕ್ಕೆ ಬೆಂಕಿ ಇಡಬೇಡಿ. ಬೇಡದಾಗ ದೀಪ, ಫ್ಯಾನು ಹಾಕಬೇಡಿ. ಕಡಲತೀರಕ್ಕೆ ಹೋದರೆ ಹವಳ ಮುರಿಯಬೇಡಿ, ತುಳಿಯಬೇಡಿ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಬಿಳಿಚಿದ ಹವಳಕ್ಕೆ ಇನ್ನೂ ಜೀವ ಇರುತ್ತೆ. ತಿಳಿದವರು ಹೇಳಿದಾಗ ಅವತ್ತೇ ಕೇಳಿ. ಹಸಿರು ಹತ್ತಿದ ಮೇಲೆ ಎಷ್ಟು ಅತ್ತರೂ ಅದು ಬರೀ ಕಲ್ಲು.